ತೋಡಿನ ನೀರಿಗೆ ಸೈಕಲ್ ಚಕ್ರ

ಮಳೆ ಸ್ವಲ್ಪ ಇಳಿದ ಮೇಲೆ, ಅಂದರೆ ಅಕ್ಟೋಬರ್‌ನಿಂದ ಹುತ್ತರಿ ಹಬ್ಬದ (ನವೆಂಬರ್-ಡಿಸೆಂಬರಿನ ಸುಗ್ಗಿ ಹಬ್ಬ) ಆಚೀಚೆವರೆಗೆ, ಕೊಡಗಿನಲ್ಲಿ ಎಷ್ಟೋ ತೋಟಗಳ ಬದಿಯಲ್ಲಿ ಸಣ್ಣ ತೋಡೊಂದು ಹರಿಯುತ್ತಲೇ ಇರುತ್ತದೆ. ಹಳೇ ಕಾಲದ ಹಿಟ್ಟಿನ ಗಿರಣಿಗಳನ್ನು ನಡೆಸುತ್ತಿದ್ದ ನೀರಿನ ಚಕ್ರ, ಇಂಗ್ಲಿಷಿನಲ್ಲಿ ವಾಟರ್ ವೀಲ್ ಅಂತಾರಲ್ಲ, ಅದನ್ನು ಅಲ್ಲಿ ಹಳೇ ಸೈಕಲ್ ಸಾಮಾನಿನಲ್ಲೇ ಮಾಡಬಹುದು. ಆದರೆ ನೀರು ಜೋರಾಗಿ ಹರಿಯುವ ಜಾಗ ಹುಡುಕಿಕೊಂಡು ಹೋಗಬೇಡಿ. ನೀರು ಬೀಳುವ ಜಾಗ ಹುಡುಕಿ.

ಯಾಕೆ ಅಂದರೆ, ಚಕ್ರದ ಕೆಳಭಾಗವನ್ನು ಹರಿಯುವ ನೀರಿಗೆ ಒಡ್ಡಿದರೆ ಅದು ಅಂಡರ್‌ಶಾಟ್. ನೀರು ಹಲಗೆಗೆ ಬಡಿದು ಮುಂದೆ ಹೋಗುತ್ತದೆ, ಶಕ್ತಿ ಜಾಸ್ತಿ ಪೋಲು. ನೀರನ್ನು ಮೇಲಿನಿಂದ ಡಬ್ಬಗಳಿಗೆ ತುಂಬಿಸಿದರೆ ಅದು ಓವರ್‌ಶಾಟ್. ಇಲ್ಲಿ ಚಕ್ರವನ್ನು ಎಳೆಯುವುದು ನೀರಿನ ತೂಕ. ಜಾನ್ ಸ್ಮೀಟನ್ ಎಂಬ ಇಂಗ್ಲಿಷ್ ಎಂಜಿನಿಯರ್ ಸಣ್ಣ ಮಾದರಿ ಚಕ್ರಗಳನ್ನಿಟ್ಟು ಅಳೆದು, 1759ರಲ್ಲೇ ರಾಯಲ್ ಸೊಸೈಟಿಯ ಮುಂದೆ ಲೆಕ್ಕ ಒಪ್ಪಿಸಿದ್ದ: ಮೇಲಿನಿಂದ ಬೀಳುವ ನೀರು ಸುಮಾರು ಎರಡು ಪಟ್ಟು ಕೆಲಸ ಕೊಡುತ್ತದೆ. ನಾವು ಮಾಡುವುದೂ ಅದನ್ನೇ.

ಮೊದಲು ಅಳತೆ. ಸುಮಾರು 1 ಮೀಟರ್ ಇಳಿಜಾರು ಸಿಗುವ ಕಡೆ ತೋಡಿನಿಂದ ಸಣ್ಣ ಕಾಲುವೆ ಕಡಿದು, ಅದರ ಬಾಯಿಗೆ ಎತ್ತಿ ಇಳಿಸುವ ಹಲಗೆಯೊಂದನ್ನು ಇಡಿ. ಚಕ್ರವನ್ನು ತೋಡಿನೊಳಗೇ ಇಟ್ಟರೆ ಕಕ್ಕಡದ (ಜುಲೈ-ಆಗಸ್ಟಿನ) ಜೋರು ಮಳೆಗೆ ಅದು ನಿಮ್ಮ ಪಕ್ಕದ ತೋಟದವರ ಪಾಲು. ಎತ್ತರ ನೋಡಲು ಮೇಸ್ತ್ರಿಗಳು ಬಳಸುವ ನೀರು ತುಂಬಿದ ಟ್ಯೂಬ್ ಸಾಕು. ನೀರಿನ ಪ್ರಮಾಣಕ್ಕೆ ಬಕೆಟ್ ಹಿಡಿದು ಮೊಬೈಲಿನಲ್ಲಿ ಸಮಯ ನೋಡಿ. 15 ಲೀಟರ್ ಬಕೆಟ್ 10 ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ ಒಂದೂವರೆ ಲೀಟರ್. ಅದನ್ನು ಚಕ್ರದ ಎತ್ತರ 0.7 ಮೀಟರ್‌ನಿಂದ, ಆಮೇಲೆ 9.8ರಿಂದ ಗುಣಿಸಿ: ಸುಮಾರು 10 ವ್ಯಾಟ್. ಅರ್ಧ ಕೈಗೆ ಸಿಕ್ಕಿದರೆ ಖುಷಿಪಡಿ. ಮನೆಗೆಲ್ಲ ಬೆಳಕು ಬೇಕು ಅನ್ನುವವರಿಗೆ ಈ ಚಕ್ರ ಆಗುವುದಿಲ್ಲ. ಅದೇ ನೀರನ್ನು 10 ಮೀಟರ್ ಮೇಲಿನಿಂದ ಪೈಪಿನಲ್ಲಿ ಇಳಿಸಿದರೆ ಲೆಕ್ಕ 147 ವ್ಯಾಟ್‌ಗೆ ಹೋಗುತ್ತದೆ. ಮಲೆನಾಡಿನ ಮನೆಗಳಲ್ಲಿ ಕಾಣುವ ಪಿಕೊ ಹೈಡ್ರೊ, ಅಂದರೆ ಒಂದು ಮನೆಯ ಮಟ್ಟದ ಜಲವಿದ್ಯುತ್ ಟರ್ಬೈನುಗಳ ಗುಟ್ಟು ಅದೇ.

ಈಗ ಚಕ್ರ. ಹಳೇ ಸೈಕಲ್ಲಿನ ಮುಂದಿನ ಚಕ್ರದ ಟಯರ್, ಟ್ಯೂಬ್ ತೆಗೆಯಿರಿ. 1 ಲೀಟರಿನ ಎಂಜಿನ್ ಆಯಿಲ್ ಡಬ್ಬ 12 ಬೇಕು, ಗ್ಯಾರೇಜಿನಲ್ಲಿ ಕೇಳಿದರೆ ಸುಮ್ನೆ ಕೊಡುತ್ತಾರೆ. ಸೋಪು ಹಾಕಿ ಚೆನ್ನಾಗಿ ತೊಳೆಯಿರಿ, ಎಣ್ಣೆ ತೋಡಿಗೆ ಹೋಗಬಾರದು. ಬಾಯಿಯ ಕಡೆ ಕತ್ತರಿಸಿ ತಳದಿಂದ 12 ಸೆಂ.ಮೀ. ಉಳಿಸಿಕೊಳ್ಳಿ. ಒಂದೊಂದನ್ನೂ ರಿಮ್ಮಿನ ಮೇಲೆ ಮಲಗಿಸಿ, 15 ಸೆಂ.ಮೀ.ಗೊಂದರಂತೆ ಬೋಲ್ಟ್ ಹಾಕಿ. ತಳ ಚಕ್ರ ತಿರುಗುವ ಕಡೆಗೆ, ಬಾಯಿ ಹಿಂದಕ್ಕೆ. ಆಗ ಡಬ್ಬ ಇಳಿಯುವ ಬದಿಗೆ ಬಂದಾಗ ಬಾಯಿ ಮೇಲಾಗಿ ನೀರು ನಿಲ್ಲುತ್ತದೆ, ತಳಕ್ಕೆ ಬಂದಾಗ ತಾನಾಗಿ ಸುರಿದುಹೋಗುತ್ತದೆ. ಹೊರಗಿನ ಅಂಚನ್ನು ಸ್ವಲ್ಪ ಓರೆಯಾಗಿ ಕತ್ತರಿಸಿದರೆ ನೀರು ಸಲೀಸಾಗಿ ಒಳಗೆ ಬೀಳುತ್ತದೆ. ಜಾಸ್ತಿ ಕತ್ತರಿಸಿದರೆ ಅರ್ಧ ದಾರಿಯಲ್ಲೇ ಚೆಲ್ಲುತ್ತದೆ.

ನಿಲ್ಲಿಸಲು ಎರಡು ಕಬ್ಬಿಣದ ಆಂಗಲ್ ಹುಗಿದು ಸಿಮೆಂಟ್ ಹಾಕಿ. ತೋಟದಲ್ಲಿ ಹೇಗೂ ಇದೆ ಅಂತ ಸಿಲ್ವರ್ ಓಕ್ ಮರದ ಗೂಟ ನೆಟ್ಟರೆ ಒದ್ದೆ ಮಣ್ಣಿನಲ್ಲಿ ಬೇಗ ಕೊಳೆಯುತ್ತದೆ.

ಇನ್ನು ನೀರು ತರುವ ದೋಣಿ. ಅಡಿಕೆ ಮರದ ದಂಬೆ ಆಗಬಹುದು, ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿದರೂ ಆಗಬಹುದು. ಅದರ ತುದಿ ಚಕ್ರದ ನೆತ್ತಿಯಿಂದ ಒಂದೆರಡು ಬೆರಳು ಮುಂದೆ ಇರಲಿ. ಹಿಂದೆ ಬಿದ್ದ ನೀರು ಚಕ್ರವನ್ನು ಹಿಂದಕ್ಕೇ ಎಳೆಯುತ್ತದೆ. ತಳದಲ್ಲಿ ಕನಿಷ್ಠ 10 ಸೆಂ.ಮೀ. ಖಾಲಿ ಜಾಗ ಬಿಡಲೇಬೇಕು. ಈ ಚಕ್ರದ ತಳ ತಿರುಗುವುದು ಕೆಳಗಿನ ನೀರು ಹರಿಯುವ ದಿಕ್ಕಿಗೆ ಎದುರಾಗಿ, ಹಾಗಾಗಿ ಅಲ್ಲಿ ನೀರು ಕಟ್ಟಿಕೊಂಡರೆ ಡಬ್ಬಗಳು ನೀರನ್ನು ತಳ್ಳಿಕೊಂಡೇ ಸುಸ್ತಾಗುತ್ತವೆ, ಕೊನೆಗೆ ಮೇಲೆ ನೀರು ಸುರಿಯುತ್ತಿದ್ದರೂ ಚಕ್ರ ನಿಂತುಬಿಡುತ್ತದೆ. ಕೆಳಗಿನ ಚರಂಡಿಯನ್ನು ಅಗಲ ಮಾಡಿ, ಇಳಿಜಾರು ಕೊಡಿ.

ಹಲಗೆ ಎತ್ತಿ, ನೀರು ಬಿಡಿ. ಬೆಲ್ಟು, ಚೈನು ಇಲ್ಲದ ಬರೀ ಚಕ್ರ ಜೋರಾಗಿಯೇ ಓಡುತ್ತದೆ. ಕೆಲಸ ಹಚ್ಚಿದ ಮೇಲೆ ನಿಮಿಷಕ್ಕೆ 25 ಸುತ್ತಿನ ಆಸುಪಾಸಿಗೆ ಇಳಿಯಬೇಕು. ತೀರಾ ನಿಧಾನ ಅನ್ನಿಸುತ್ತೆ ಅಲ್ವಾ? ಅದಕ್ಕಿಂತ ವೇಗವಾದರೆ ಡಬ್ಬ ತುಂಬಲು ಸಮಯವೇ ಸಿಗುವುದಿಲ್ಲ.

ಕರೆಂಟಿಗಾಗಿ ಡೈನಮೊ ಕೂರಿಸುವವರಿಗೆ ತೊಡಕು ಇಲ್ಲೇ. ಸೈಕಲ್ ಡೈನಮೊ 6 ವೋಲ್ಟ್, 3 ವ್ಯಾಟ್ ಕೊಡುವುದು ಸೈಕಲ್ ಗಂಟೆಗೆ 15 ಕಿ.ಮೀ. ವೇಗದಲ್ಲಿ ಓಡಿದಾಗ. ನಮ್ಮ ರಿಮ್ಮಿನ ವೇಗ 3 ಕಿ.ಮೀ. ಕೂಡ ದಾಟುವುದಿಲ್ಲ. ಬೆಲ್ಟ್ ಅಥವಾ ಚೈನ್ ಹಾಕಿ ಐದು ಪಟ್ಟು ಏರಿಸಬೇಕು. ಹಳೇ ಗಿರಣಿಗಳಲ್ಲೂ ನೆಟ್ಟಗೆ ನಿಲ್ಲಿಸಿದ ಚಕ್ರಕ್ಕೂ ಬೀಸುವ ಕಲ್ಲಿಗೂ ನಡುವೆ ಮರದ ಹಲ್ಲಿನ ಗಾಲಿಗಳು ಇರುತ್ತಿದ್ದದ್ದು ಇದಕ್ಕೇ. ಹಿಮಾಲಯದ ಘರಾಟ್‌ನವರು, ಅಂದರೆ ಅಲ್ಲಿನ ನೀರಿನ ಗಿರಣಿಯವರು, ಚಕ್ರವನ್ನೇ ಅಡ್ಡ ಮಲಗಿಸಿ, ಮೇಲಿನ ಕಲ್ಲನ್ನು ಅದೇ ಅಚ್ಚಿಗೆ ಕೂರಿಸಿ ಗಾಲಿಯ ರಗಳೆಯನ್ನೇ ಬಿಟ್ಟರು.

ಕಾಲುವೆಯ ಬಾಯಿಗೆ ಜಾಲರಿ ಹಾಕಿ, ತರಗೆಲೆಯನ್ನು ದಿನಾ ಬಳಿಯಿರಿ, ಚಕ್ರದ ನಡುವಿನ ಹಬ್ಬಿಗೆ ಗ್ರೀಸ್ ತುಂಬಿ. ಫೆಬ್ರುವರಿ ಬಂದರೆ ಕಾಫಿಗೆ ಸ್ಪ್ರಿಂಕ್ಲರ್ ಶುರು, ಆಗ ತೋಡಿನ ನೀರಿಗೆ ಬೇರೆ ಗಿರಾಕಿಗಳು ಇರುತ್ತಾರೆ. ಹಲಗೆ ಇಳಿಸಿ, ಚಕ್ರ ಬಿಚ್ಚಿ ಕೊಟ್ಟಿಗೆಯಲ್ಲಿ ತೂಗುಹಾಕಿ.