ನುಡಿ, ಬರಹದ ಹಳೆಯ ಕಡತಗಳನ್ನು ಜಾಲತಾಣಕ್ಕೆ ಏರಿಸುವುದು ಹೇಗೆ?

ತುಮಕೂರಿನ ಬಿ.ಎಚ್. ರಸ್ತೆಯಲ್ಲಾಗಲಿ ತಿಪಟೂರಿನ ಪೇಟೆಯಲ್ಲಾಗಲಿ, ಹಳೆಯ ಡಿಟಿಪಿ ಅಂಗಡಿಯ ಕಂಪ್ಯೂಟರ್ ತೆರೆದರೆ ತಾಲ್ಲೂಕು ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆ, ಕಾಲೇಜಿನ ವಾರ್ಷಿಕ ಸಂಚಿಕೆ, ಸಹಕಾರ ಸಂಘದ ವರದಿ ಮುಂತಾದವು ನುಡಿ ಅಥವಾ ಬರಹ ಎಂಬ ಕನ್ನಡ ಬೆರಳಚ್ಚು ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಸಿಗುತ್ತವೆ. ಇವನ್ನು ಜಾಲತಾಣದಲ್ಲಿ ಪ್ರಕಟಿಸಬೇಕೆಂದಾಗ ಹೆಚ್ಚಿನವರು ಪಿಡಿಎಫ್ ಮಾಡಿ ಏರಿಸಿ ಕೈತೊಳೆದುಕೊಳ್ಳುತ್ತಾರೆ. ಆ ಪಿಡಿಎಫ್ ಕಣ್ಣಿಗೆ ಕನ್ನಡವಾಗಿ ಕಂಡರೂ ಗೂಗಲ್ ಹುಡುಕಾಟಕ್ಕೆ ಸಿಗುವುದಿಲ್ಲ. ದೃಷ್ಟಿ ಇಲ್ಲದವರು ಬಳಸುವ ಓದುವ ತಂತ್ರಾಂಶವೂ ಅದನ್ನು ಕನ್ನಡವೆಂದು ಗುರುತಿಸಿ ಓದಲಾರದು.

ಕಾರಣ ಸರಳ. ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ನುಡಿಯಲ್ಲಿ 'ಕ' ಎಂದು ಕಾಣುವುದು ಕಂಪ್ಯೂಟರಿನ ಪಾಲಿಗೆ ಇಂಗ್ಲಿಷಿನ ದೊಡ್ಡ 'ಪಿ' ಮತ್ತು ತಲೆಯ ಮೇಲೆ ಓರೆಗೆರೆ ಇರುವ 'ಎ', ಈ ಎರಡರ ಜೋಡಿ ಮಾತ್ರ. ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಅದು ಹಾಗೆಯೇ ಕಾಣಿಸುತ್ತದೆ. ಬೇರೆ ಬೇರೆ ಲಿಪಿಗಳ ಅಕ್ಷರಗಳಿಗೆ ಪ್ರತ್ಯೇಕ ಸಂಕೇತ ಕೊಡುವ ಜಾಗತಿಕ ವ್ಯವಸ್ಥೆಯೇ ಯೂನಿಕೋಡ್. 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಸ್ವಂತ ಸ್ಥಾನವಿದೆ. ಆದ್ದರಿಂದ ನಾವು ಮಾಡಬೇಕಾದದ್ದು ಹಳೆಯ ಸಂಕೇತಗಳನ್ನು ಆ ಸ್ಥಾನಗಳಿಗೆ ಬದಲಾಯಿಸುವ ಕೆಲಸ.

ಮೊದಲು ಮೂಲ ಕಡತದ ಪ್ರತಿಯೊಂದನ್ನು ಬೇರೆ ಫೋಲ್ಡರಿಗೆ ಹಾಕಿಕೊಂಡು, ಮುಂದಿನ ಕೆಲಸವನ್ನೆಲ್ಲ ಆ ಪ್ರತಿಯ ಮೇಲೆಯೇ ಮಾಡಬೇಕು. ನಂತರ ಕಡತವನ್ನು ತೆರೆದು ಒಂದು ಸಾಲಿನ ಮೇಲೆ ಕರ್ಸರ್ ಇಟ್ಟು ಫಾಂಟಿನ ಹೆಸರನ್ನು ನೋಡಬೇಕು. 'ನುಡಿ' ಎಂದೋ 'ಬಿಆರ್‌ಎಚ್' (ಬರಹದ ಫಾಂಟು) ಎಂದೋ ಆರಂಭವಾಗಿದ್ದರೆ ಸಂಕೇತ ಬದಲಿಸುವ ಸಾಮಾನ್ಯ ತಂತ್ರಾಂಶ, ಅಂದರೆ ಪರಿವರ್ತಕ ಸಾಕು, ಏಕೆಂದರೆ ಇವೆರಡರ ಸಂಕೇತಗಳು ಬಹುಮಟ್ಟಿಗೆ ಒಂದೇ. ಶ್ರೀಲಿಪಿ ಎಂಬ ಇನ್ನೊಂದು ತಂತ್ರಾಂಶದ ಫಾಂಟಾದರೆ ಅದಕ್ಕೆಂದೇ ಇರುವ ಪರಿವರ್ತಕ ಬೇಕು. ಪೇಜ್‌ಮೇಕರ್ ಕಡತ ತೆರೆಯದಿದ್ದಲ್ಲಿ ಅದರಿಂದ ಆಗ ಮಾಡಿದ ಪಿಡಿಎಫ್ ಹುಡುಕಿ, ಅಕ್ಷರಗಳು ಆಯ್ಕೆಯಾಗುತ್ತವೆಯೇ ಎಂದು ಪರೀಕ್ಷಿಸಿ. ಆಯ್ಕೆಯಾದರೆ ನಕಲು ಮಾಡಿಕೊಂಡು ಅದನ್ನೇ ಪರಿವರ್ತಿಸಬಹುದು.

ಪರಿವರ್ತನೆ ಮಾಡುವುದಕ್ಕೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ನುಡಿ ಮತ್ತು ಬರಹ ತಂತ್ರಾಂಶಗಳ ಹೊಸ ಆವೃತ್ತಿಗಳಲ್ಲಿಯೇ ಈ ಸೌಲಭ್ಯವಿದೆ. ಅಂತರ್ಜಾಲದಲ್ಲಿಯೂ ಉಚಿತ ಪರಿವರ್ತಕಗಳಿವೆ. ಆದರೆ ಸದಸ್ಯರ ಫೋನ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರಗಳಿರುವ ಪಟ್ಟಿಯನ್ನು ಯಾರು ನಡೆಸುತ್ತಾರೆಂದು ಗೊತ್ತಿಲ್ಲದ ತಾಣದಲ್ಲಿ ಅಂಟಿಸುವುದು ಸರಿಯಲ್ಲ. ಅಂಥ ಕಡತವನ್ನು ನಿಮ್ಮ ಕಂಪ್ಯೂಟರಿನಲ್ಲಿಯೇ, ಇಂಟರ್ನೆಟ್ ಕಡಿತಗೊಳಿಸಿ ಪರಿವರ್ತಿಸಿ. ಪ್ರಕಟಿಸುವ ಮುನ್ನ ಆ ವಿವರಗಳನ್ನು ತೆಗೆದುಹಾಕಿ.

ನಿಜವಾದ ಕೆಲಸ ಶುರುವಾಗುವುದು ಇದಾದ ಮೇಲೆ. ಪರಿವರ್ತಕದಿಂದ ಬಂದ ಪಠ್ಯವನ್ನು ಹಾಗೆಯೇ ಪ್ರಕಟಿಸುವುದು ಕರಡು ತಿದ್ದದೆ ಅಚ್ಚಿಗೆ ಕಳಿಸಿದಂತೆ. ಮೊದಲು ನೋಡಬೇಕಾದದ್ದು ಅರ್ಕಾವತ್ತನ್ನು. ಹಳೆಯ ಪದ್ಧತಿಯಲ್ಲಿ 'ಕಾರ್ಯದರ್ಶಿ' ಎಂಬಲ್ಲಿ ಅರ್ಕಾವತ್ತು ಅಕ್ಷರದ ನಂತರ ದಾಖಲಾಗುತ್ತಿತ್ತು. ಯೂನಿಕೋಡ್‌ನಲ್ಲಿ ಉಚ್ಚಾರಣೆಯ ಕ್ರಮದಂತೆ ರಕಾರವೇ ಮುಂದೆ ಬರುತ್ತದೆ. ಪರಿವರ್ತಕವು ಅದನ್ನು ಹಿಂದಿನಿಂದ ಮುಂದಕ್ಕೆ ಸರಿಸುವಾಗ ತಪ್ಪಿದರೆ ಪದದ ನಡುವೆ ಪರಕೀಯ ಚಿಹ್ನೆಯೊಂದು ಉಳಿದುಬಿಡುತ್ತದೆ, ಇಲ್ಲವೇ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. 'ರ‍್ಯಾಂಕ್' ಎಂದು ರಕಾರವನ್ನು ಪೂರ್ಣವಾಗಿ ಬರೆದು ಯಕಾರವನ್ನು ಒತ್ತಾಗಿಸಬೇಕಾದ ಕಡೆ 'ರ್ಯಾಂಕ್' ಎಂದಾಗಿರುವುದೂ ಉಂಟು.

ಎರಡನೆಯದು ಹಲಂತ (ವ್ಯಂಜನದಲ್ಲಿ ಮುಗಿಯುವ) ಪದಗಳಿಗೆ ಪ್ರತ್ಯಯ ಸೇರುವ ಜಾಗ. 'ಕುಣಿಗಲ್‌ನಲ್ಲಿ' ಎಂಬುದು 'ಕುಣಿಗಲ್ನಲ್ಲಿ' ಎಂದಾಗಿ ಲಕಾರದ ಕೆಳಗೆ ನಕಾರ ಒತ್ತಾಗಿ ಕೂತಿದ್ದರೆ, ನಡುವೆ ಇರಬೇಕಾದ ಕಣ್ಣಿಗೆ ಕಾಣದ ಬಿಡಿಕೆಯ ಸಂಕೇತ ಬಿದ್ದುಹೋಗಿದೆ ಎಂದರ್ಥ. ಒಂದು ಕಡೆ ಸರಿಪಡಿಸಿ ಅದನ್ನೇ ನಕಲು ಮಾಡಿಕೊಂಡು, 'ಹುಡುಕು ಮತ್ತು ಬದಲಿಸು' ಸೌಲಭ್ಯದಿಂದ ಇಡೀ ಕಡತದಲ್ಲಿ ಬದಲಾಯಿಸಬಹುದು. ಬದಲಿಸುವಾಗ ಇಡೀ ಪದವನ್ನೇ ಕೊಡಿ. ಎರಡಕ್ಷರ ಕೊಟ್ಟು 'ಎಲ್ಲವನ್ನೂ ಬದಲಿಸು' ಒತ್ತಿದರೆ ಸರಿಯಿದ್ದ ಪದಗಳೂ ಕೆಡುತ್ತವೆ.

ಮೂರನೆಯ ದೋಷ ಕಣ್ಣಿಗೆ ಬೀಳುವುದೇ ಇಲ್ಲ. 'ಕೊರಟಗೆರೆ'ಯ ಮೊದಲ ಅಕ್ಷರದ ಒಕಾರವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎಕಾರ ಮತ್ತು ಊಕಾರದ ಚಿಹ್ನೆಗಳ ಜೋಡಣೆಯಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಆದರೆ ಕಡತದೊಳಗೆ ನೀವೇ ಹುಡುಕಿದಾಗ ಕೆಲವು ತಂತ್ರಾಂಶಗಳಲ್ಲಿ ಒಂದು ಸಿಕ್ಕರೆ ಇನ್ನೊಂದು ಸಿಗುವುದಿಲ್ಲ. ಊರಿನ ಹೆಸರೊಂದನ್ನು ಹೊಸದಾಗಿ ಟೈಪು ಮಾಡಿ ಹುಡುಕಿ ನೋಡುವುದೇ ಇದಕ್ಕೆ ಸುಲಭದ ಪರೀಕ್ಷೆ.

ನಡುವೆ ಇಂಗ್ಲಿಷಿನಲ್ಲಿದ್ದ ಇಮೇಲ್ ವಿಳಾಸ, ಕೆಎ 06 ಎಂದಿದ್ದ ವಾಹನದ ಸಂಖ್ಯೆ ಪರಿವರ್ತನೆಯ ನಂತರ ಅರ್ಥವಿಲ್ಲದ ಕನ್ನಡವಾಗಿರುತ್ತವೆ. ಅವನ್ನು ಮೂಲದಿಂದ ಮತ್ತೆ ಬರೆಯುವುದೊಂದೇ ದಾರಿ. ಇಸವಿಗಳು, ಹಣದ ಮೊತ್ತ ಮತ್ತು ವ್ಯಕ್ತಿಗಳ ಹೆಸರನ್ನು ಅಚ್ಚಾದ ಪ್ರತಿಯೊಂದಿಗೆ ಇಬ್ಬರು ಕೂತು, ಒಬ್ಬರು ಓದಿ ಇನ್ನೊಬ್ಬರು ನೋಡಿ ತಾಳೆ ಹಾಕುವುದು ಒಳ್ಳೆಯದು.

ಪ್ರಕಟಿಸುವಾಗ ಪುಟದ ಅಕ್ಷರ ಸಂಕೇತ ಯುಟಿಎಫ್-8 ಎಂದೂ ಭಾಷೆ ಕನ್ನಡವೆಂದೂ ಇರಬೇಕು. ನೋಟೊ ಸಾನ್ಸ್ ಕನ್ನಡ, ಗುಬ್ಬಿ, ನವಿಲು ಮುಂತಾದ ಉಚಿತ ಯೂನಿಕೋಡ್ ಫಾಂಟುಗಳಲ್ಲಿ ಯಾವುದಾದರೂ ಆದೀತು. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ಅಂತರವನ್ನು ಮಾತ್ರ ಕೊಂಚ ಹೆಚ್ಚಿಸಿ. ವರ್ಡ್‌ಪ್ರೆಸ್ ಎಂಬ ಜಾಲತಾಣ ನಿರ್ವಹಣೆಯ ತಂತ್ರಾಂಶ ಬಳಸುವವರು ಪುಟದ ವಿಳಾಸವನ್ನೂ ಗಮನಿಸಬೇಕು. ವಿಳಾಸದಲ್ಲಿ ಕನ್ನಡದ ಪ್ರತಿ ಸಂಕೇತವೂ 9 ಇಂಗ್ಲಿಷ್ ಅಕ್ಷರಗಳಷ್ಟು ಜಾಗ ತಿನ್ನುತ್ತದೆ. ಅಲ್ಲಿನ ಮಿತಿ 200 ಆದ್ದರಿಂದ, ಕಾಗುಣಿತದ ಚಿಹ್ನೆಗಳೂ ಸೇರಿ 22 ಸಂಕೇತಗಳಾಚೆಗಿನ ಶೀರ್ಷಿಕೆಯಿಂದ ತಾನಾಗಿ ಮೂಡುವ ವಿಳಾಸ ಅರ್ಧಕ್ಕೇ ತುಂಡಾಗುತ್ತದೆ. ಶೀರ್ಷಿಕೆ ಕನ್ನಡದಲ್ಲೇ ಇರಲಿ. ವಿಳಾಸವನ್ನು ಮಾತ್ರ ಇಂಗ್ಲಿಷ್ ಲಿಪಿಯಲ್ಲಿ ಚಿಕ್ಕದಾಗಿ, ಸಂಚಿಕೆಯ ಇಸವಿಯೊಂದಿಗೆ ನೀವೇ ಬರೆದುಕೊಡಿ. ಇನ್ನು ಮುಂದಿನ ಸಂಚಿಕೆಯ ಲೇಖನಗಳನ್ನು ಆರಂಭದಿಂದಲೇ ಯೂನಿಕೋಡ್‌ನಲ್ಲಿ ಬೆರಳಚ್ಚು ಮಾಡಿಸಿ; ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಅಲ್ಲಿಯೂ ಸಿಗುವುದರಿಂದ ನುಡಿಗೆ ಒಗ್ಗಿದ ಕೈಗಳು ಹೊಸದೇನನ್ನೂ ಕಲಿಯಬೇಕಾಗಿಲ್ಲ.