ಒಬ್ಬರೇ ಕರಾವಳಿಗೆ ಹೊರಡುವವರಿಗೆ: ಮೈಸೂರಿನಿಂದ ಕಾರವಾರದವರೆಗೆ

ಮೈಸೂರಿನಿಂದ ಮಂಗಳೂರಿಗೆ ಸುಮಾರು 250 ಕಿಲೋಮೀಟರ್, ಅಲ್ಲಿಂದ ಕಡಲ ತೀರದ ಹೆದ್ದಾರಿಯಲ್ಲಿ ಕಾರವಾರಕ್ಕೆ ಸುಮಾರು 270 ಕಿಲೋಮೀಟರ್. ಗಾಡಿ ಓಡಿಸುವುದೇ ಉದ್ದೇಶವಾದರೆ ಎರಡು ದಿನ ಸಾಕು. ಆದರೆ ತನ್ನನ್ನು ತಾನು ಅರಿತುಕೊಳ್ಳಬೇಕೆಂದು ಒಬ್ಬರೇ ಹೊರಡುವವರಿಗೆ ಈ ವೇಗ ಏನನ್ನೂ ಕೊಡುವುದಿಲ್ಲ. ಮನೆಯಲ್ಲಿ ನಾಲ್ಕು ಜನರ ನಡುವೆ ಬದುಕುವ ನಾವು ಏನು ತಿನ್ನಬೇಕು, ಎಷ್ಟು ಹೊತ್ತಿಗೆ ಏಳಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನೆಲ್ಲ ಇತರರೊಂದಿಗೆ ಹೊಂದಿಸಿಕೊಂಡೇ ತೀರ್ಮಾನಿಸುತ್ತೇವೆ. ಆ ತೀರ್ಮಾನಗಳೆಲ್ಲ ಒಂದು ವಾರದ ಮಟ್ಟಿಗೆ ಒಬ್ಬರ ಕೈಗೇ ಬಂದಾಗ, ನಮಗೆ ನಿಜವಾಗಿ ಬೇಕಾದದ್ದೇನು, ಕೇವಲ ಅಭ್ಯಾಸದಿಂದ ಮಾಡುತ್ತಿದ್ದದ್ದೇನು ಎಂಬುದು ನಿಧಾನವಾಗಿ ಕಾಣತೊಡಗುತ್ತದೆ. ಆದ್ದರಿಂದ ಇಂಥ ಪ್ರವಾಸವನ್ನು ಯೋಜಿಸುವವರು ಮೊದಲೇ ಎಲ್ಲವನ್ನೂ ತೀರ್ಮಾನಿಸಿಬಿಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲೇ ನಿಶ್ಚಯಿಸಬೇಕಾದವು ಮೂರೇ: ಹೊರಡುವ ದಿನ, ಮನೆ ಸೇರುವ ದಿನ, ಮತ್ತು ಮೊದಲ ರಾತ್ರಿಯ ತಂಗುದಾಣ. ನಡುವಿನದನ್ನು ದಾರಿಯಲ್ಲಿಯೇ ನಿರ್ಧರಿಸಿ. ಎಂಟು ದಿನಗಳ ರಜೆ ಸಿಕ್ಕರೆ ಒಳ್ಳೆಯದು. ಐದಕ್ಕಿಂತ ಕಡಿಮೆಯಿದ್ದರೆ ಕಾರವಾರದ ಆಸೆ ಬಿಟ್ಟು ಕುಂದಾಪುರದವರೆಗೆ ಮಾತ್ರ ಹೋಗಿ. ಕಡಲ ತೀರ ಮುಟ್ಟಿದ ಮೇಲೆ, ಹಿಂದಿರುಗುವ ದಾರಿಯೊಂದನ್ನು ಬಿಟ್ಟು, ದಿನಕ್ಕೆ 80 ಕಿಲೋಮೀಟರ್ ಮೀರಬಾರದು ಮತ್ತು ಕನಿಷ್ಠ ಒಂದು ಊರಿನಲ್ಲಾದರೂ ಸತತವಾಗಿ ಎರಡು ರಾತ್ರಿ ಉಳಿಯಬೇಕು ಎಂಬ ಎರಡು ಕಟ್ಟಳೆಗಳನ್ನು ಹಾಕಿಕೊಂಡರೆ ಉಳಿದದ್ದು ತಾನಾಗಿಯೇ ಹದಕ್ಕೆ ಬರುತ್ತದೆ.

ನಮ್ಮ ಮಂಡ್ಯ, ಮೈಸೂರಿನ ಮನೆಗಳಲ್ಲಿ ಒಬ್ಬರೇ ಊರು ಸುತ್ತಲು ಹೊರಟರೆ, ಅದರಲ್ಲೂ ಹೆಣ್ಣುಮಕ್ಕಳು ಹೊರಟರೆ, ಏನೋ ಬೇಸರವಾಗಿದೆ, ಯಾರೊಂದಿಗೋ ಜಗಳವಾಗಿದೆ ಎಂದೇ ಮನೆಯವರು ಭಾವಿಸುತ್ತಾರೆ. ಈ ಆತಂಕವನ್ನು ಸುಳ್ಳು ಹೇಳಿ ತಪ್ಪಿಸಿಕೊಳ್ಳಬೇಡಿ. ಸ್ನೇಹಿತರೊಂದಿಗೆ ಹೋಗುತ್ತಿದ್ದೇನೆ ಎಂದು ಹೇಳಿ ಹೊರಟವರು ದಾರಿಯುದ್ದಕ್ಕೂ ಆ ಸುಳ್ಳನ್ನು ಕಾಯುವ ಕೆಲಸದಲ್ಲೇ ಇರುತ್ತಾರೆ. ಅಂಥ ಮನಸ್ಸಿಗೆ ಏಕಾಂತ ದಕ್ಕುವುದಿಲ್ಲ. ಹೋಗುವ ದಾರಿ, ಗಾಡಿಯ ಸಂಖ್ಯೆ ಮತ್ತು ಮೊದಲ ದಿನ ತಂಗುವ ಜಾಗದ ದೂರವಾಣಿ ಸಂಖ್ಯೆಯನ್ನು ಒಂದು ಹಾಳೆಯಲ್ಲಿ ಬರೆದು ಮನೆಯಲ್ಲಿ ಕೊಡಿ. ಪ್ರತಿ ಸಂಜೆ ಏಳು ಗಂಟೆಗೆ ಕರೆ ಮಾಡುತ್ತೇನೆ, ಅದಕ್ಕೆ ಮೊದಲು ಕರೆ ಬೇಡ ಎಂದು ಅಪ್ಪ ಅಮ್ಮನಿಗೋ, ಮನೆಯವರಿಗೋ ಸ್ಪಷ್ಟವಾಗಿ ಹೇಳಿ, ಆ ಮಾತನ್ನು ಒಂದು ದಿನವೂ ತಪ್ಪದೆ ಪಾಲಿಸಿ.

ಕಾಲದ ವಿಷಯದಲ್ಲಿ ಹೆಚ್ಚು ಚರ್ಚೆ ಬೇಕಿಲ್ಲ: ನವೆಂಬರ್‌ನಿಂದ ಫೆಬ್ರವರಿಯವರೆಗೆ ಹೋಗಿ, ಡಿಸೆಂಬರ್ ಕೊನೆಯ ವಾರವನ್ನು ಬಿಡಿ. ಮಾರ್ಚ್ ನಂತರದ ಸೆಕೆ ಬಯಲುಸೀಮೆಯ ಒಣಬಿಸಿಲಿಗೆ ಒಗ್ಗಿದ ಮೈಯನ್ನು ಬಳಲಿಸುತ್ತದೆ. ಮುಂಗಾರಿನಲ್ಲಿ ಒಬ್ಬರೇ ಹೋಗುವುದನ್ನು ನಾನು ಯಾರಿಗೂ ಹೇಳುವುದಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದು ಮಡಿಕೇರಿ–ಸಂಪಾಜೆ ದಾರಿಯೇ ಮುಚ್ಚಿಹೋಗಿತ್ತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿದು ಜನರು ಪ್ರಾಣ ಕಳೆದುಕೊಂಡರು. ಮರುತಿಂಗಳೇ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಮಳೆಗಾಲದ ಕಡಲು ಸುಂದರವಾಗಿರುತ್ತದೆ ಎಂಬುದು ನಿಜ, ಆದರೆ ಆ ಸೊಬಗಿಗೆ ಜೊತೆಗಾರರಿರಲಿ.

ಬೈಕ್ ಆಗಲಿ ಕಾರಾಗಲಿ, ಹೊರಡುವ ವಾರ ಮೊದಲು ಬ್ರೇಕ್, ಟೈರ್ ಮತ್ತು ದೀಪಗಳನ್ನು ಪರೀಕ್ಷಿಸಿಕೊಳ್ಳಿ. ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ, ಮಡಿಕೇರಿ, ಸುಳ್ಯ, ಪುತ್ತೂರು ಹಾದು ಹೋಗುವ 275ನೇ ರಾಷ್ಟ್ರೀಯ ಹೆದ್ದಾರಿಯೇ ಹೋಗುವಾಗಿನ ದಾರಿಯಾಗಿರಲಿ. ಬೆಳಗಿನ ಆರು ಗಂಟೆಗೆ ಮೈಸೂರು ಬಿಟ್ಟರೆ ಮಧ್ಯಾಹ್ನದ ಊಟಕ್ಕೆ ಪುತ್ತೂರಿನ ಆಸುಪಾಸಿನಲ್ಲಿರಬಹುದು. ಕುಶಾಲನಗರವನ್ನು ಹೊಗುವ ಮುನ್ನ ಕಾವೇರಿಯ ಸೇತುವೆ ಸಿಗುತ್ತದೆ. ಅಲ್ಲಿ ಗಾಡಿಯನ್ನು ಬದಿಗೆ ನಿಲ್ಲಿಸಿ ಸ್ವಲ್ಪ ಹೊತ್ತು ನೋಡಿ. ನಮ್ಮ ಗದ್ದೆಗೂ ನಲ್ಲಿಗೂ ಬರುವ ನೀರು ಇದು, ಪೂರ್ವಕ್ಕೆ ಹರಿಯುತ್ತದೆ. ಮಡಿಕೇರಿ ದಾಟಿ ಸಂಪಾಜೆಯ ಕಡೆಗೆ ಇಳಿಯತೊಡಗಿದರೆ ಜೊತೆಯಾಗುವ ಪಯಸ್ವಿನಿ ಪಶ್ಚಿಮಕ್ಕೆ ಓಡಿ ಕಾಸರಗೋಡಿನ ಬಳಿ ಚಂದ್ರಗಿರಿ ಎಂಬ ಹೆಸರಿನಲ್ಲಿ ಸಮುದ್ರ ಸೇರುತ್ತದೆ. ನೀರಿನ ದಿಕ್ಕು ಬದಲಾಗುವ ಈ ಇಳಿಜಾರಿನಲ್ಲಿ ತಿರುವುಗಳು ಬಿಗಿಯಾಗಿವೆ. ಇಳಿಯುವಾಗ ಕೆಳಗಿನ ಗೇರಿನಲ್ಲಿಯೇ ಹೋಗಬೇಕು, ಬ್ರೇಕ್ ಒಂದನ್ನೇ ನಂಬಬಾರದು.

ಮಂಗಳೂರಿನಿಂದ ಮುಂದಿನದು 66ನೇ ರಾಷ್ಟ್ರೀಯ ಹೆದ್ದಾರಿ. ಇಲ್ಲಿ ಊರುಗಳ ಪಟ್ಟಿ ಹಿಡಿದು ಹೋಗುವ ಬದಲು ಹೊಳೆಗಳನ್ನು ಎಣಿಸುತ್ತಾ ಹೋಗಿ ಎಂದು ನಾನು ಸಲಹೆ ಕೊಡುತ್ತೇನೆ. ಕೂಳೂರಿನಲ್ಲಿ ಫಲ್ಗುಣಿ, ಮೂಲ್ಕಿಯಲ್ಲಿ ಶಾಂಭವಿ, ಕಲ್ಯಾಣಪುರದಲ್ಲಿ ಸ್ವರ್ಣಾ, ಮಾಬುಕಳದಲ್ಲಿ ಸೀತಾ, ಮರವಂತೆಯಲ್ಲಿ ರಸ್ತೆಯ ಒಂದು ಬದಿಗೆ ಕಡಲು ಮತ್ತೊಂದು ಬದಿಗೆ ಸೌಪರ್ಣಿಕಾ, ಹೊನ್ನಾವರದಲ್ಲಿ ಶರಾವತಿ, ಕುಮಟಾ ದಾಟಿದರೆ ಅಘನಾಶಿನಿ, ಅಂಕೋಲಾದ ಹತ್ತಿರ ಗಂಗಾವಳಿ, ಕೊನೆಗೆ ಕಾರವಾರದಲ್ಲಿ ಕಾಳಿ. ಪ್ರತಿ ಹೊಳೆ ದಾಟಿದ ಮೇಲೆ ಹೆದ್ದಾರಿ ಬಿಟ್ಟು ಅದರ ಅಳಿವೆಯ ಕಡೆಗೆ ತಿರುಗುವ ಸಣ್ಣ ರಸ್ತೆಯನ್ನು ಹಿಡಿಯಿರಿ. ಸೀತಾ ಮತ್ತು ಸ್ವರ್ಣಾ ಕಡಲು ಸೇರುವ ಕೋಡಿಬೆಂಗ್ರೆ, ಶಾಂಭವಿ ಮತ್ತು ನಂದಿನಿ ಕೂಡುವ ಸಸಿಹಿತ್ಲು ಇಂಥ ಜಾಗಗಳು. ಭಾಷೆಯೂ ಹೊಳೆಗಳೊಂದಿಗೇ ಬದಲಾಗುತ್ತದೆ: ಬ್ರಹ್ಮಾವರ ದಾಟಿದಂತೆ ತುಳು ಹಿಂದೆ ಸರಿದು ಕುಂದಾಪುರದ ಕನ್ನಡ ಕಿವಿಗೆ ಬೀಳುತ್ತದೆ, ಭಟ್ಕಳದಲ್ಲಿ ನವಾಯತಿ, ಕಾರವಾರದಲ್ಲಿ ಕೊಂಕಣಿ.

ಮಂಡ್ಯದವರಿಗೆ ನೀರು ಎಂದರೆ ಯಾರೋ ಬಿಡುವ ವಸ್ತು. ಕನ್ನಂಬಾಡಿ ಕಟ್ಟೆ 124.80 ಅಡಿಗೆ ತುಂಬಿತೇ, ವಿಶ್ವೇಶ್ವರಯ್ಯ ನಾಲೆಗೆ ಎಂದು ಬಿಡುತ್ತಾರೆ ಎಂಬ ಲೆಕ್ಕದಲ್ಲೇ ನಮ್ಮ ವರ್ಷ ಕಳೆಯುತ್ತದೆ. ಅಳಿವೆಯಲ್ಲಿ ನೀರು ಯಾರ ಆದೇಶವನ್ನೂ ಕಾಯದೆ ದಿನಕ್ಕೆ ಎರಡು ಬಾರಿ ಏರಿ ಎರಡು ಬಾರಿ ಇಳಿಯುತ್ತದೆ, ಮರುದಿನ ಅದೇ ಉಬ್ಬರ ಸುಮಾರು 50 ನಿಮಿಷ ತಡವಾಗಿ ಬರುತ್ತದೆ, ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಹೆಚ್ಚು ಎತ್ತರಕ್ಕೆ ಏರುತ್ತದೆ. ಎರಡು ರಾತ್ರಿ ಉಳಿಯಬೇಕೆಂದು ಹೇಳಿದೆನಲ್ಲ, ಅದಕ್ಕೆ ಅಘನಾಶಿನಿಯ ತೀರವನ್ನೇ ಆರಿಸಿಕೊಳ್ಳಿ. ಅಲ್ಲಿಂದ ಗೋಕರ್ಣವೂ ಹತ್ತಿರ. ಶರಾವತಿಗೆ ಲಿಂಗನಮಕ್ಕಿ, ಕಾಳಿಗೆ ಸೂಪಾ ಅಣೆಕಟ್ಟುಗಳಿದ್ದರೆ ಅಘನಾಶಿನಿಯ ಮುಖ್ಯ ಹರಿವಿಗೆ ಅಣೆಕಟ್ಟಿಲ್ಲ. ನೀರು ಇಳಿದ ಹೊತ್ತಿನಲ್ಲಿ ಹೆಂಗಸರೂ ಗಂಡಸರೂ ಸೊಂಟದುದ್ದ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಮೀನು ಹೆಕ್ಕುವುದನ್ನು ನೋಡಬಹುದು. ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಉಪ್ಪನ್ನೂ ಮುಳುಗಡೆಯನ್ನೂ ತಡೆಯುವ ತಳಿ ಅದು. ನಾಲೆ ನೀರಿನಲ್ಲಿ ಭತ್ತ ಬೆಳೆದ ಮನೆಯವರಿಗೆ ಈ ಗದ್ದೆಯ ಬದುವಿನ ಮೇಲೆ ನಿಂತ ಒಂದು ಗಂಟೆ ಯಾವ ಪ್ರೇಕ್ಷಣೀಯ ಸ್ಥಳಕ್ಕಿಂತಲೂ ಹೆಚ್ಚಿನದನ್ನು ಕೊಡುತ್ತದೆ, ಏಕೆಂದರೆ ನಾವು ಅನಿವಾರ್ಯವೆಂದು ನಂಬಿಕೊಂಡಿದ್ದ ಎಷ್ಟೋ ಕ್ರಮಗಳಿಗೆ ಇನ್ನೊಂದು ರೀತಿಯೂ ಇದೆ ಎಂಬುದು ಅಲ್ಲಿ ಕಣ್ಣಿಗೇ ಕಾಣುತ್ತದೆ.

ಇನ್ನು ದಿನಚರಿ. ಒಂದು ಸಣ್ಣ ನೋಟುಪುಸ್ತಕ ಇಟ್ಟುಕೊಳ್ಳಿ, ಆದರೆ ನೋಡಿದ ಜಾಗಗಳ ವರ್ಣನೆಯನ್ನು ಅದರಲ್ಲಿ ಬರೆಯಬೇಡಿ, ಅದಕ್ಕೆ ಫೋಟೊಗಳಿವೆ. ಆ ದಿನ ನೀವು ಮಾಡಿದ ತೀರ್ಮಾನಗಳನ್ನು ಮಾತ್ರ ಬರೆಯಿರಿ. ಎಲ್ಲಿ ನಿಂತಿರಿ, ಯಾವುದನ್ನು ಬಿಟ್ಟು ಮುಂದೆ ಹೋದಿರಿ, ಏಕೆ? ಮುರುಡೇಶ್ವರದ 123 ಅಡಿಯ ಶಿವನ ವಿಗ್ರಹದ ಮುಂದೆ ನಿಂತದ್ದು ನಿಮಗೆ ಬೇಕಾಗಿತ್ತೋ, ಹೋಗಿ ಬಂದೆ ಎಂದು ಊರಿನಲ್ಲಿ ಹೇಳಬೇಕಾಗಿತ್ತೋ? ಸಂಜೆ ಕಡಲ ತೀರದಲ್ಲಿ ಕುಳಿತಿದ್ದವರು ಕತ್ತಲಾಗುವ ಮೊದಲೇ ಎದ್ದದ್ದು ಹಸಿವಿನಿಂದಲೋ, ಸುಮ್ಮನಿರಲು ಆಗದ್ದರಿಂದಲೋ? ಉತ್ತರ ಚಿಕ್ಕದಿರಲಿ, ಪ್ರಾಮಾಣಿಕವಾಗಿರಲಿ. ಮೂರು ನಾಲ್ಕು ದಿನಗಳ ಬರಹವನ್ನು ಒಟ್ಟಿಗೆ ಓದಿದಾಗ ಒಂದೇ ಕಾರಣ ಮತ್ತೆ ಮತ್ತೆ ಬಂದಿರುವುದು ಕಂಡರೆ, ಅದರ ಕೆಳಗೆ ಗೆರೆ ಎಳೆಯಿರಿ.

ಎರಡನೆಯ ಅಥವಾ ಮೂರನೆಯ ದಿನ ಸಾಮಾನ್ಯವಾಗಿ ಒಂದು ಭಾರವಾದ ಬೇಸರ ಬರುತ್ತದೆ. ಮಾತನಾಡಲು ಯಾರೂ ಇಲ್ಲ, ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನಿಲ್ಲ, ಕೈ ಮೊಬೈಲಿನ ಕಡೆಗೆ ಹೋಗುತ್ತದೆ. ಆ ಹೊತ್ತಿನಲ್ಲಿ ಊರಿಗೆ ಹಿಂದಿರುಗುವ ತೀರ್ಮಾನವನ್ನು ತೆಗೆದುಕೊಳ್ಳಬೇಡಿ; ಬೆಳಿಗ್ಗೆಯವರೆಗೆ ಕಾಯಿರಿ. ಮೊಬೈಲಿನಲ್ಲಿ ನಕ್ಷೆ ಮತ್ತು ಕರೆಗಳನ್ನು ಮಾತ್ರ ಉಳಿಸಿಕೊಂಡು, ಫೋಟೊಗಳನ್ನು ಹಂಚುವುದನ್ನು ಮನೆ ಸೇರುವವರೆಗೆ ಮುಂದೂಡಿದರೆ ಈ ಬೇಸರ ಬೇಗ ಹದಗೊಳ್ಳುತ್ತದೆ. ಬೆಳಗಾಗುವ ಮುನ್ನ ಮಲ್ಪೆಯಂಥ ಮೀನುಗಾರಿಕೆ ಬಂದರಿಗೆ ಹೋಗಿ, ದೋಣಿಗಳು ಮೀನು ಇಳಿಸುವುದನ್ನು ಕೆಲಸಕ್ಕೆ ಅಡ್ಡಬಾರದಂತೆ ಬದಿಯಲ್ಲಿ ನಿಂತು ನೋಡಿ. ಹಾಗೆ ನೋಡಿ ಬಂದ ಮೇಲೂ ಬೇಸರ ಕರಗದಿದ್ದರೆ, ಹಿಂದಿರುಗುವುದರಲ್ಲಿ ಅವಮಾನವೇನಿಲ್ಲ. ಅದನ್ನೂ ಕಾರಣದೊಂದಿಗೆ ಬರೆದಿಡಿ.

ಒಬ್ಬರೇ ಕುಳಿತು ಊಟ ಮಾಡಲು ಸಂಕೋಚಪಡುವವರು ಉಡುಪಿಯ ಕೃಷ್ಣ ಮಠದಲ್ಲಿ ಅಥವಾ ಕೊಲ್ಲೂರಿನಲ್ಲಿ ಪಂಕ್ತಿಯ ಪ್ರಸಾದಕ್ಕೆ ಕುಳಿತರೆ ಆ ಸಂಕೋಚ ಹೋಗುತ್ತದೆ. ಉಳಿದಂತೆ ನೀರುದೋಸೆ, ಬನ್ಸ್, ಗೋಳಿಬಜೆ, ಕುಚ್ಚಲಕ್ಕಿಯ ಗಂಜಿ, ಮೀನು ತಿನ್ನುವವರಿಗೆ ಕಾಣೆ ಮತ್ತು ಬಂಗುಡೆ ಎಲ್ಲೆಡೆ ಸಿಗುತ್ತವೆ, ಮುದ್ದೆಯನ್ನು ಹುಡುಕಬೇಡಿ. ಕೆಲವು ಲಾಡ್ಜ್‌ಗಳಲ್ಲಿ ಒಬ್ಬರೇ ಬಂದವರಿಗೆ ಕೋಣೆ ಕೊಡಲು ಹಿಂಜರಿಯುತ್ತಾರೆ. ಆದ್ದರಿಂದ ಮಧ್ಯಾಹ್ನವೇ ಕರೆ ಮಾಡಿ ಒಬ್ಬರೇ ಎಂದು ಸ್ಪಷ್ಟವಾಗಿ ತಿಳಿಸಿ, ಗುರುತಿನ ಚೀಟಿ ಜೊತೆಯಲ್ಲಿಟ್ಟುಕೊಂಡು, ಬೆಳಕಿರುವಾಗಲೇ ಅಲ್ಲಿಗೆ ತಲುಪಿ. ಹೆಣ್ಣುಮಕ್ಕಳು ಕೋಣೆಯನ್ನು ನೋಡಿ, ಬಾಗಿಲಿನ ಚಿಲಕವನ್ನು ಪರೀಕ್ಷಿಸಿದ ಮೇಲೆಯೇ ಹಣ ಕೊಡಬೇಕು.

ಕಡಲಿನ ವಿಷಯದಲ್ಲಿ ಮಾತ್ರ ಯಾವ ಸಡಿಲಿಕೆಯೂ ಬೇಡ. ನಾಲೆಯಲ್ಲಿ, ಬಾವಿಯಲ್ಲಿ ಈಜು ಕಲಿತವರಿಗೆ ತಮಗೆ ನೀರು ಗೊತ್ತು ಎಂಬ ಧೈರ್ಯವಿರುತ್ತದೆ. ಸಮುದ್ರದಲ್ಲಿ ಅದು ಉಪಯೋಗಕ್ಕೆ ಬರುವುದಿಲ್ಲ. ದಡಕ್ಕೆ ಬಂದ ಅಲೆಗಳ ನೀರು ಕಿರಿದಾದ ಒಂದು ಪಟ್ಟಿಯಲ್ಲಿ ರಭಸದಿಂದ ಹಿಂದಿರುಗುತ್ತದೆ. ಅಕ್ಕಪಕ್ಕದಲ್ಲಿ ಅಲೆಗಳು ಒಡೆಯುತ್ತಿದ್ದು ನಡುವೆ ಶಾಂತವಾಗಿ, ಸ್ವಲ್ಪ ಕಪ್ಪಾಗಿ ಕಾಣುವ ಜಾಗವೇ ಆ ಸೆಳೆತ. ಹೊಸಬರು ಅಲ್ಲಿ ಅಲೆಯಿಲ್ಲವೆಂದು ಅದನ್ನೇ ಆರಿಸಿಕೊಳ್ಳುತ್ತಾರೆ. ಸಿಲುಕಿದರೆ ದಡದ ಕಡೆಗೆ ಈಜಿ ಸುಸ್ತಾಗಬಾರದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು, ಆಮೇಲೆ ಅಲೆಗಳೊಂದಿಗೆ ದಡಕ್ಕೆ ಬರಬೇಕು. ಜೊತೆಯಲ್ಲಿ ಯಾರೂ ಇಲ್ಲದವರು ಮೊಣಕಾಲಿಗಿಂತ ಮೇಲಿನ ನೀರಿಗೆ ಇಳಿಯಲೇಬಾರದು. ಅಳಿವೆಯ ಬಾಯಲ್ಲಿ ಕಾಲೂ ಇಡಬೇಡಿ. ಗೋಕರ್ಣದ ಓಂ ಮತ್ತು ಕುಡ್ಲೆ ಕಡಲತೀರಗಳ ಬಂಡೆಗಳು ಪಾಚಿಯಿಂದ ಜಾರುತ್ತವೆ, ಅಲ್ಲಿ ಬೆನ್ನನ್ನು ಅಲೆಗೆ ತಿರುಗಿಸಿ ಫೋಟೊಗೆ ನಿಲ್ಲಬಾರದು. ಹೆದ್ದಾರಿಯಲ್ಲಿ ಬೈಕ್ ಸವಾರರು ಮೀನಿನ ಲಾರಿಗಳ ಹಿಂದೆ ಹತ್ತಿರ ಹೋಗದಿರುವುದು ಒಳ್ಳೆಯದು, ಅವುಗಳಿಂದ ಸೋರುವ ನೀರು ರಸ್ತೆಯನ್ನು ಜಾರುವಂತೆ ಮಾಡುತ್ತದೆ. ತುರ್ತು ಸಹಾಯಕ್ಕೆ 112, ರಾಷ್ಟ್ರೀಯ ಹೆದ್ದಾರಿಯ ನೆರವಿಗೆ 1033.

ಹಿಂದಿರುಗುವಾಗ ಬಂದ ದಾರಿಯನ್ನೇ ಹಿಡಿಯದೆ ಹೊನ್ನಾವರದಿಂದ ಗೇರುಸೊಪ್ಪೆಯ ಘಟ್ಟ ಹತ್ತಿ ಜೋಗ, ಸಾಗರ, ಶಿವಮೊಗ್ಗ, ಕಡೂರು, ಅರಸೀಕೆರೆ, ಚನ್ನರಾಯಪಟ್ಟಣದ ಮೇಲೆ ಬನ್ನಿ. ಅಳಿವೆಯಲ್ಲಿ ನೋಡಿದ ಶರಾವತಿಯೇ 830 ಅಡಿ ಎತ್ತರದಿಂದ ಧುಮುಕುವುದನ್ನು ಹೀಗೆ ಮೇಲೆ ಹೋಗಿ ನೋಡಬಹುದು. ಕಾರವಾರದಿಂದ ಒಂದೇ ದಿನಕ್ಕೆ ಮುಗಿಸುವ ದಾರಿಯಲ್ಲ ಇದು. ಸಾಗರದಲ್ಲಿ ಒಂದು ರಾತ್ರಿ ತಂಗಿ. ಕೆಲಸಕ್ಕೆ ಹಾಜರಾಗುವ ಹಿಂದಿನ ದಿನವನ್ನು ಪೂರ್ತಿಯಾಗಿ ಮನೆಯಲ್ಲಿ ಕಳೆಯುವಂತೆ ರಜೆಯನ್ನು ಹೊಂದಿಸಿಕೊಳ್ಳಿ. ಆ ದಿನ ದಿನಚರಿಯಲ್ಲಿ ಗೆರೆ ಎಳೆದ ಸಾಲುಗಳನ್ನು ಓದಿ, ಅವುಗಳಲ್ಲಿ ಮನೆಯವರಿಗೆ ಹೇಳಬೇಕಾದದ್ದಿದ್ದರೆ ಅಂದೇ ಕುಳಿತು ಹೇಳಿ. ಮತ್ತೆ ಕೆಲಸದ ವಾರ ಶುರುವಾದ ಮೇಲೆ ಅಂಥ ಮಾತಿಗೆ ಬಿಡುವು ಸಿಗುವುದು ಕಷ್ಟ.