ನೀರಿನ ಅಧ್ಯಯನಕ್ಕೊಂದು ಸಂಘ: ಆಡಳಿತ ಮಂಡಳಿ ಕಟ್ಟುವ ಕ್ರಮ

ಕೊಪ್ಪಳ ಜಿಲ್ಲೆಗೆ ಸಮುದ್ರವಿಲ್ಲ. ಆದರೆ ಮುನಿರಾಬಾದ್ ಕಡೆಯಿಂದ ಕಾಣುವ ತುಂಗಭದ್ರಾ ಜಲಾಶಯ ತುಂಬಿದಾಗ ಸುಮಾರು 378 ಚದರ ಕಿಲೋಮೀಟರ್ ಹರಡುತ್ತದೆ. ಕಟ್ಟಿದ ಕಾಲಕ್ಕೆ 133 ಟಿಎಂಸಿ ಹಿಡಿಯುತ್ತಿದ್ದ ಅಣೆಕಟ್ಟಿನಲ್ಲಿ ಈಗ ನಿಲ್ಲುವುದು ಹತ್ತಿರ ಹತ್ತಿರ 105.8 ಟಿಎಂಸಿ. ಉಳಿದ ಜಾಗವನ್ನು ಹೂಳು ತಿಂದಿದೆ. ನದಿಗೆ ಅಡ್ಡ ಇಲ್ಲದಿದ್ದರೆ ಆ ಮಣ್ಣಿನ ಒಂದು ಪಾಲು ಕೃಷ್ಣೆಗೆ ಕೂಡಿ ಬಂಗಾಳ ಕೊಲ್ಲಿಯ ದಡಕ್ಕೆ ಹೋಗುತ್ತಿತ್ತು. ಹಾಗಾಗಿ ಇಲ್ಲಿ ಕೂತು ಆಳ ಅಳೆಯುವವರು ಮಾಡುವುದೂ ಸಮುದ್ರದ ಕೆಲಸವೇ.

ಇಂಥ ಕೆಲಸಕ್ಕೆ ಸಂಘ ಕಟ್ಟಲು ಹೊರಟವರು ಮೊದಲು ದೋಣಿ, ಉಪಕರಣ, ದೇಣಿಗೆ ಅಂತ ಓಡಾಡುತ್ತಾರೆ. ಅದಕ್ಕೂ ಮೊದಲು ಕೂತು ಬರೆದುಕೊಳ್ಳಬೇಕಾದದ್ದು ಒಂದಿದೆ: ನೀರಿನ ಮೇಲೆ ‘ಇವತ್ತು ಬೇಡ’ ಅನ್ನುವ ಹಕ್ಕು ಯಾರದು?

ಸಮುದ್ರ ಸಂಶೋಧನೆಯ ಹಡಗುಗಳಲ್ಲಿ ಇದು ಇತ್ಯರ್ಥವಾದ ವಿಷಯ. ಎಲ್ಲಿ ಮಾದರಿ ತೆಗೆಯಬೇಕು, ಯಾವ ಕೆಲಸ ಮೊದಲು ಅನ್ನುವುದು ಮುಖ್ಯ ವಿಜ್ಞಾನಿಯ ತೀರ್ಮಾನ. ಹಡಗು ಮತ್ತು ಜನರ ಸುರಕ್ಷತೆಗೆ ಬಂದರೆ ಕ್ಯಾಪ್ಟನ್ ಮಾತೇ ಕೊನೆ. ಹಣ ಕೊಟ್ಟವರು ದಡದಲ್ಲಿರುತ್ತಾರೆ. ಡೇವಿಡ್ ಪ್ಯಾಕರ್ಡ್ 1987ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮಾಂಟೆರೆ ಬೇ ಅಕ್ವೇರಿಯಂ ಸಂಶೋಧನಾ ಸಂಸ್ಥೆ ಕಟ್ಟಿದಾಗ ವಿಜ್ಞಾನಿ, ಎಂಜಿನಿಯರ್, ಹಡಗು ನಡೆಸುವವರು ಸರಿಸಮಾನರಾಗಿ ಕೆಲಸ ಮಾಡಬೇಕು ಅನ್ನುವುದನ್ನೇ ಬುನಾದಿ ಮಾಡಿಕೊಂಡರು. ಎರಿಕ್ ಮತ್ತು ವೆಂಡಿ ಶ್ಮಿಟ್ 2009ರಲ್ಲಿ ಶುರು ಮಾಡಿದ ಶ್ಮಿಟ್ ಓಷನ್ ಇನ್‌ಸ್ಟಿಟ್ಯೂಟ್ ವಿಜ್ಞಾನಿಗಳಿಗೆ ಹಡಗನ್ನು ಪುಕ್ಕಟೆಯಾಗಿ ಬಿಟ್ಟುಕೊಡುತ್ತದೆ. ಸಿಕ್ಕ ದತ್ತಾಂಶವನ್ನು ಎಲ್ಲರಿಗೂ ತೆರೆದಿಡಬೇಕು ಅನ್ನುವುದು ಅದರ ಕರಾರು.

ಇದಕ್ಕೆ ವಿರುದ್ಧವಾದದ್ದೂ ಕಣ್ಣೆದುರಿಗಿದೆ. 2023ರ ಜೂನ್ 18ರಂದು ಟೈಟಾನಿಕ್ ಅವಶೇಷದ ಕಡೆ ಇಳಿದ ಟೈಟನ್ ಜಲಾಂತರ ನೌಕೆ ಒಡೆದು ಐವರು ಸತ್ತರು. ಅದನ್ನು ನಡೆಸುತ್ತಿದ್ದದ್ದು ಖಾಸಗಿ ಕಂಪನಿ. ನೌಕೆಗೆ ಹೊರಗಿನ ಯಾವ ಸಂಸ್ಥೆಯ ಪ್ರಮಾಣಪತ್ರವೂ ಇರಲಿಲ್ಲ. ಸುರಕ್ಷತೆಯ ಬಗ್ಗೆ ಲಿಖಿತವಾಗಿ ಎಚ್ಚರಿಸಿದ್ದ ಅಧಿಕಾರಿಯನ್ನು 2018ರಲ್ಲೇ ಕೆಲಸದಿಂದ ತೆಗೆದಿದ್ದರು. ಕಂಪನಿಯ ಮುಖ್ಯಸ್ಥರೇ ಅವತ್ತು ನೌಕೆ ನಡೆಸುತ್ತಿದ್ದರು. ಹಣ, ಹುಮ್ಮಸ್ಸು, ಸುರಕ್ಷತೆ ಮೂರೂ ಒಬ್ಬರ ಕೈಯಲ್ಲಿದ್ದರೆ ತಡೆಯುವವರು ಯಾರೂ ಉಳಿಯುವುದಿಲ್ಲ. ಹರಿಗೋಲಿನ ಮಟ್ಟದಲ್ಲೂ ಇದು ಹಾಗೇ.

ಎಷ್ಟು ಜನ, ಯಾರು ಯಾರು

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಸಂಘ ನೋಂದಾಯಿಸಲು ಕನಿಷ್ಠ 7 ಜನ ಬೇಕು. ಸರಿಯಾಗಿ ಏಳೇ ಜನರನ್ನು ಇಟ್ಟುಕೊಳ್ಳಬೇಡಿ. ಒಬ್ಬರು ಬೆಂಗಳೂರಿಗೆ ಹೋಗಿ, ಇನ್ನೊಬ್ಬರು ಮುನಿಸಿಕೊಂಡರೆ ಸಭೆಯೇ ಕೂಡುವುದಿಲ್ಲ. ಆಡಳಿತ ಮಂಡಳಿಗೆ 9 ಜನ ಹದ. ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ, 5. ಅವಧಿ 3 ವರ್ಷ ಇರಲಿ, ಪ್ರತಿ ವರ್ಷ ಮೂವರು ಇಳಿದು ಮೂವರು ಬರುವಂತೆ ಬೈಲಾದಲ್ಲೇ ಬರೆಯಿರಿ. ಮೊದಲ ಸಲ ಯಾರು ಒಂದು ವರ್ಷಕ್ಕೆ, ಯಾರು ಎರಡಕ್ಕೆ, ಯಾರು ಮೂರಕ್ಕೆ ಅಂತ ಚೀಟಿ ಎತ್ತಿ. ಒಂಬತ್ತೂ ಜನ ಒಟ್ಟಿಗೆ ಬದಲಾದರೆ ಹಳೆ ಕಡತ ಎಲ್ಲಿದೆ ಅಂತ ಹೇಳುವವರೇ ಇರುವುದಿಲ್ಲ.

ಒಂಬತ್ತರಲ್ಲಿ ಈ ಮೂರು ಜಾಗ ಬಿಟ್ಟುಕೊಡಬಾರದವು.

ವಿಜ್ಞಾನದ ಮುಖ್ಯಸ್ಥರು. ಏನು ಅಳೆಯಬೇಕು, ಅಳತೆ ಒಪ್ಪಬೇಕೋ ಬಿಡಬೇಕೋ ಅನ್ನುವುದು ಇವರದು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಅಥವಾ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲಿ ಮಣ್ಣು, ನೀರು ಬಲ್ಲವರನ್ನು ಕೇಳಿ. ಸಮುದ್ರದ ಕಡೆಯ ಸಲಹೆಗೆ ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ, 1966ರಲ್ಲಿ ಶುರುವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಗೋವಾದ ದೋನಾ ಪೌಲಾದಲ್ಲಿದೆ. ಸರ್ಕಾರಿ ನೌಕರಿಯಲ್ಲಿದ್ದವರಾದರೆ ಇಲಾಖೆಯ ಅನುಮತಿ ಪತ್ರ ಬಂದ ಮೇಲೆಯೇ ಹೆಸರು ಸೇರಿಸಿ. ಆಮೇಲೆ ತಕರಾರು ಬಂದರೆ ಪೆಟ್ಟು ಅವರ ನೌಕರಿಗೆ.

ಖಜಾಂಚಿ. ಬ್ಯಾಂಕ್ ಖಾತೆಗೆ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಮೂವರಲ್ಲಿ ಇಬ್ಬರ ಸಹಿ. ಅದರಲ್ಲಿ ಖಜಾಂಚಿಯದು ಕಡ್ಡಾಯ. ಖಾಲಿ ಚೆಕ್ಕಿಗೆ ಮುಂಚೆಯೇ ಸಹಿ ಹಾಕಿಡುವ ರೂಢಿ ಮೊದಲ ತಿಂಗಳಲ್ಲೇ ಬೇರೂರುತ್ತದೆ. ಅದಕ್ಕೆ ಮೊದಲ ತಿಂಗಳಲ್ಲೇ ಬೇಡ ಅನ್ನಿ.

ಸುರಕ್ಷತೆಯ ಮುಖ್ಯಸ್ಥರು. ಇವರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಈ ಜಾಗಕ್ಕೆ ಪದವೀಧರರನ್ನು ಹುಡುಕಬೇಡಿ, ನೀರಿನಲ್ಲೇ ಬದುಕು ಕಳೆದ ಅಂಬಿಗರೊಬ್ಬರನ್ನು ಕೂರಿಸಿ. ಆಷಾಢದ ಗಾಳಿ ಎಷ್ಟು ಹೊತ್ತಿಗೆ ಏಳುತ್ತದೆ, ಯಾವ ದಿಕ್ಕಿನ ಅಲೆಗೆ ಹರಿಗೋಲು ಬುಗುರಿಯಂತೆ ತಿರುಗುತ್ತದೆ ಅನ್ನುವುದು ಅವರಿಗೆ ಗೊತ್ತು. ಅವರು ಪೂರ್ಣ ಸದಸ್ಯರು, ಉಳಿದವರಷ್ಟೇ ಮತ, ಕುರ್ಚಿಯೂ ಉಳಿದವರ ಸಾಲಿನಲ್ಲೇ. ‘ನಮ್ಮ ಹುಡುಗ’ ಅಂತ ಏಕವಚನದಲ್ಲಿ ಕರೆಯುವ ಸಭೆಯಲ್ಲಿ ಅವರು ‘ಬೇಡ’ ಅನ್ನಲಾರರು. ಓದು ಬಾರದಿದ್ದರೆ ಪ್ರತಿ ಠರಾವನ್ನೂ ಗಟ್ಟಿಯಾಗಿ ಓದಿ ಹೇಳಿದ ಮೇಲೆ ಸಹಿ ಅಥವಾ ಹೆಬ್ಬೆಟ್ಟು ತೆಗೆದುಕೊಳ್ಳಿ. ಅವರದೇ ಹರಿಗೋಲನ್ನು ಬಾಡಿಗೆಗೆ ಹಿಡಿಯುವುದಾದರೆ ದರ ಗೊತ್ತು ಮಾಡುವ ಹೊತ್ತಿಗೆ ಅವರು ಹೊರಗೆ ಕೂರಬೇಕು, ಕೂತಿದ್ದರು ಅಂತ ನಡಾವಳಿಯಲ್ಲಿ ಬರೆಯಬೇಕು.

ಅವರ ಹಕ್ಕು ಬಾಯಿಮಾತಿನಲ್ಲಿ ಉಳಿಯಬಾರದು. ಮೊದಲ ಸಭೆಯಲ್ಲೇ ಹೀಗೊಂದು ಠರಾವು ಬರಲಿ:

“ನೀರಿಗೆ ಇಳಿಯುವ ದಿನ ಸುರಕ್ಷತೆಯ ಮುಖ್ಯಸ್ಥರು ಬೇಡ ಎಂದರೆ ಅಂದಿನ ಕೆಲಸ ನಿಂತಿತು. ಅಧ್ಯಕ್ಷರಾಗಲಿ, ದಾನಿಗಳಾಗಲಿ, ಅತಿಥಿಗಳಾಗಲಿ ಇದನ್ನು ಬದಲಿಸುವಂತಿಲ್ಲ. ಕಾರಣವನ್ನು ಮುಂದಿನ ಸಭೆಯಲ್ಲಿ ಕೇಳಬಹುದು. ಬೇಡ ಎಂದದ್ದಕ್ಕೆ ಯಾರ ಕೂಲಿಯನ್ನೂ ಕಡಿಯತಕ್ಕದ್ದಲ್ಲ.”

ಕೊನೆಯ ಸಾಲು ಬಿಟ್ಟರೆ ಠರಾವು ಸತ್ತಂತೆ. ದಿನದ ಕೂಲಿ ಹೋಗುತ್ತದೆ ಅಂದರೆ ಗಾಳಿ ಎದ್ದಿದ್ದರೂ ಹುಟ್ಟು ಹಿಡಿಯುತ್ತಾರೆ. ಇದರ ಜೊತೆಗೆ ಯಾರ ಅಪ್ಪಣೆಯನ್ನೂ ಕಾಯದ ನಾಲ್ಕು ನಿಯಮ ಇರಲಿ: ಹರಿಗೋಲಿನಲ್ಲಿ ಅಂಬಿಗರು ಬಿಟ್ಟು ಮೂವರಿಗಿಂತ ಹೆಚ್ಚು ಬೇಡ, ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್, ಬಕಲ್ ಹಾಕಿದ್ದು, ದಡದಲ್ಲಿ ಹೆಸರಿನ ಪಟ್ಟಿ ಹಿಡಿದು ಒಬ್ಬರು, ಅಣೆಕಟ್ಟಿನಿಂದ ನದಿಗೆ ನೀರು ಬಿಡುವ ಎಚ್ಚರಿಕೆ ಇದ್ದ ದಿನ ಕೆಳಗಿನ ಹೊಳೆಗೆ ಯಾರೂ ಇಳಿಯಬಾರದು. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದದ್ದನ್ನು ಈ ಭಾಗದವರಿಗೆ ನೆನಪಿಸಬೇಕಿಲ್ಲ.

ವಿಜ್ಞಾನದ ಮುಖ್ಯಸ್ಥರ ಸಹಿ ಏಕೆ ಬೇಕು

ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಬಿಟ್ಟಾಗ 38 ಅಡಿ ಬಂತು ಅನ್ನಿ. ಬರೀ 38 ಅಡಿಗೆ ಅರ್ಥವಿಲ್ಲ, ಜಲಾಶಯದ ಮಟ್ಟ ದಿನದಿನಕ್ಕೆ ಏರಿಳಿಯುತ್ತದೆ. ತುಂಬಿದ ಮಟ್ಟ 1,633 ಅಡಿ. ಆ ದಿನದ ಮಟ್ಟ 1,620 ಅಡಿ ಇದ್ದರೆ ತಳ 1,582 ಅಡಿಯಲ್ಲಿದೆ. ಮುಂದಿನ ವರ್ಷ ಅದೇ ಜಾಗದ ತಳ 1,583 ಬಂದರೆ ಮಾತ್ರ ಹೂಳಿನ ಮಾತು. ಅದಕ್ಕೂ ಮುಂಚೆ ಹಗ್ಗ ನೋಡಬೇಕು: ನೆನೆದ ನೈಲಾನ್ ಹಗ್ಗ ಭಾರಕ್ಕೆ ಹಿಗ್ಗುತ್ತದೆ. ತಿಂಗಳಿಗೊಮ್ಮೆ ನೆನೆಸಿ, ಗುಂಡು ಕಟ್ಟಿ ಎಳೆದು, ಸ್ಟೀಲ್ ಟೇಪಿನ ಪಕ್ಕ ಇಟ್ಟು ಗುರುತುಗಳನ್ನು ತಾಳೆ ನೋಡಿ. ಅಳತೆ ಹಾಳೆಯಲ್ಲಿ ದಿನ, ಹೊತ್ತು, ಜಿಪಿಎಸ್, ಆ ದಿನದ ಮಟ್ಟ, ಹಗ್ಗ ತಾಳೆ ನೋಡಿದ ತಾರೀಖು ಐದೂ ಇದ್ದರೆ ಮಾತ್ರ ಸಹಿ. ಒಂದು ಖಾಲಿ ಇದ್ದರೂ ಹಾಳೆ ವಾಪಸ್, ಅಧ್ಯಕ್ಷರೇ ತಂದಿದ್ದರೂ. ಹಾಳೆಯ ಫೋಟೋ ಅಂದೇ ಮೂವರ ಬಳಿ ಇರಲಿ. ಒಬ್ಬರ ಲ್ಯಾಪ್‌ಟಾಪಿನಲ್ಲಿ ಮಾತ್ರ ಇದ್ದ ದತ್ತಾಂಶ ಅವರ ಜೊತೆಗೇ ಸಂಘ ಬಿಟ್ಟು ಹೋಗುತ್ತದೆ.

ಎಲ್ಲಿ ಎಡವುತ್ತಾರೆ

ಅಣ್ಣ ಅಧ್ಯಕ್ಷ, ಅತ್ತಿಗೆ ಖಜಾಂಚಿ, ಸೋದರಳಿಯ ಕಾರ್ಯದರ್ಶಿ ಆಗಿದ್ದರೆ ಕಾನೂನು ಕೂಡಲೇ ತಡೆಯದೆ ಇರಬಹುದು, ದಾನಿಗಳು ಮಾತ್ರ ಪಟ್ಟಿ ನೋಡಿದವರೇ ಹಿಂದೆ ಸರಿಯುತ್ತಾರೆ. ಒಂದು ಮನೆಯಿಂದ ಒಬ್ಬರು ಅಂತ ಬೈಲಾದಲ್ಲಿ ಬರೆಯಿರಿ.

ಮಠದ ಸ್ವಾಮಿಗಳು, ಊರಿನ ಹಿರಿಯರು ಬೆನ್ನಿಗಿದ್ದರೆ ನೀರಿನ ಕೆಲಸಕ್ಕೆ ಜನ ಬರುತ್ತಾರೆ; 2019ರಲ್ಲಿ ಗವಿಮಠ ಹಿರೇಹಳ್ಳ ಶುಚಿ ಮಾಡಲು ಹೊರಟಾಗ ಜಿಲ್ಲೆ ಅದನ್ನು ಕಂಡಿದೆ. ಅಂಥ ಹಿರಿಯರನ್ನು ಗೌರವಾಧ್ಯಕ್ಷರಾಗಲು ಬೇಡಿಕೊಳ್ಳಿ. ಚೆಕ್ಕಿನ ಸಹಿ, ಕೋರಂ ಲೆಕ್ಕ ಅವರ ತಲೆಗೆ ಕಟ್ಟಬೇಡಿ. ಅಧಿಕಾರಿಗಳನ್ನು ಪದನಿಮಿತ್ತ ಸದಸ್ಯರಾಗಿ ಹಾಕುವುದೂ ಬೇಡ, ವರ್ಗಾವಣೆ ಆದಾಗಲೆಲ್ಲ ಬ್ಯಾಂಕಿಗೆ ಹೊಸ ಕಾಗದ ಒಯ್ಯಬೇಕಾಗುತ್ತದೆ.

ಪಗಾರದ ನಿರ್ದೇಶಕರನ್ನು ನೇಮಿಸಿದರೆ ಅವರು ಸಭೆಗೆ ಬಂದು ವರದಿ ಕೊಡಲಿ, ಮತ ಹಾಕುವುದು ಬೇಡ. ಪಗಾರ ಎಷ್ಟು ಅನ್ನುವುದನ್ನು ಅವರಿಲ್ಲದಾಗ ತೀರ್ಮಾನಿಸಿ.

ಸದ್ದಿಲ್ಲದೆ ಸಂಘ ಕೊಲ್ಲುವ ತಪ್ಪು ಒಂದಿದೆ: ವಾರ್ಷಿಕ ಮಹಾಸಭೆ ಆದ ಮೇಲೆ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪರಿಶೋಧನೆಯಾದ ಆಸ್ತಿ-ಹೊಣೆ ತಖ್ತೆಯನ್ನು ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸದಿರುವುದು. ಎರಡು ಮೂರು ವರ್ಷ ಬಿಟ್ಟರೆ ಪದಾಧಿಕಾರಿಗಳು ಯಾರು ಅನ್ನುವುದಕ್ಕೇ ದಾಖಲೆ ಇರುವುದಿಲ್ಲ. ಎರಡು ಬಣ ಎರಡು ನಡಾವಳಿ ಪುಸ್ತಕ ಹಿಡಿದು ಬಂದರೆ ಬ್ಯಾಂಕಿನವರು ಖಾತೆಯನ್ನೇ ತಡೆಹಿಡಿಯುತ್ತಾರೆ. ನಡಾವಳಿ ಪುಸ್ತಕ ಹೊಲಿದದ್ದು, ಪುಟದ ಸಂಖ್ಯೆ ಅಚ್ಚಾಗಿರುವುದು ಇರಲಿ. ಬಿಡಿ ಹಾಳೆ ಬೇಡ.

ಹಣದ ದಾರಿಯೂ ಪಟ್ಟಿಗೆ ಅಂಟಿಕೊಂಡಿದೆ. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣಕ್ಕೆ ಸಿಎಸ್‌ಆರ್-1 ಅರ್ಜಿ ಹಾಕಿ ಸಂಖ್ಯೆ ಪಡೆಯಬೇಕು. ವಿದೇಶಿ ದೇಣಿಗೆಯ ನೋಂದಣಿಗೆ ಸಂಘಕ್ಕೆ ಮೂರು ವರ್ಷ ತುಂಬಿರಬೇಕು, ಮೂರು ವರ್ಷಗಳಲ್ಲಿ 15 ಲಕ್ಷ ರೂಪಾಯಿ ಉದ್ದೇಶಕ್ಕೆ ಖರ್ಚಾಗಿರಬೇಕು, ಪದಾಧಿಕಾರಿಗಳೆಲ್ಲರ ಆಧಾರ್ ಕೊಡಬೇಕು.

ನೀರಿಗಿಳಿಯುವ ಮುಂಚೆ ಅನುಮತಿ ಎರಡು ಕಡೆ. ಜಲಾಶಯಕ್ಕೆ ತುಂಗಭದ್ರಾ ಮಂಡಳಿ. ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗಿನ ಸುಮಾರು 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ. ಅಲ್ಲಿಗೆ ಅರಣ್ಯ ಇಲಾಖೆ. ಅರ್ಜಿಗೆ ನೋಂದಣಿ ಪತ್ರದ ನಕಲು, ಆಡಳಿತ ಮಂಡಳಿಯ ಪಟ್ಟಿ, ಸುರಕ್ಷತೆಯ ಠರಾವಿನ ದೃಢೀಕೃತ ಪ್ರತಿ ಲಗತ್ತಿಸಿ. ಅರ್ಜಿಯ ಕೆಳಗೆ ಅಧ್ಯಕ್ಷರ ಸಹಿಯ ಪಕ್ಕದಲ್ಲೇ ಅಂಬಿಗರ ಸಹಿಯೂ ಇರಲಿ.